ಚಿಗವ್ವ ಹೈದರಾಬಾದ ನೋಡಿದ್ದು

ದೊಡ್ಡ ಊರಿಗೆ ಹೋಗಿ ಬಂದವರನ್ನು ಜನ ‘ಏನೇನು ನೋಡಿದಿರಿ?’ ಎಂದು ಕೇಳುತ್ತಾರೆಯೇ ಹೊರತು ‘ಎಲ್ಲಿ ಕುಳಿತಿರಿ?’ ಎಂದು ಕೇಳಿದವರನ್ನು ಮೊನ್ನೆಯವರೆಗೆ ನಾನು ಕಂಡಿರಲಿಲ್ಲ. ನಗರದರ್ಶನ ಕಣ್ಣಿನ ಕೆಲಸವೆಂದು ಯಾರು ಹೆಸರಿಟ್ಟರೋ, ನಿಜವಾಗಿ ಅದನ್ನು ಮಾಡುವುದು ಕಾಲು. ಕಣ್ಣು ಪಲ್ಲಕ್ಕಿಯಲ್ಲಿ ಕೂತ ಸ್ವಾಮಿಗಳಂತೆ ಮೇಲಿನಿಂದ ಅತ್ತ ಇತ್ತ ನೋಡುತ್ತ ಹೋಗುತ್ತದೆ, ಕಾಲುಗಳೆರಡೂ ಬೋಯಿಗಳಂತೆ ಕೆಳಗೆ ಭಾರ ಹೊರುತ್ತವೆ. ಊರಿಗೆ ಮರಳಿದ ಮೇಲೆ ಕೀರ್ತಿಯೆಲ್ಲ ಕಣ್ಣಿಗೆ, ಬಿಸಿನೀರು ಮತ್ತು ನೋವಿನೆಣ್ಣೆ ಕಾಲಿಗೆ. ಈ ಪ್ರಬಂಧವನ್ನು ನಾನು ಬರೆಯುತ್ತಿರುವುದೂ ಕಾಲುಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡೇ. ಆದ್ದರಿಂದ ಇದರಲ್ಲಿ ಒಂದಿಷ್ಟು ನರಳಾಟ ಕೇಳಿಸಿದರೆ ಕ್ಷಮೆ ಇರಲಿ.

ಮೊನ್ನೆ ಸಂಜೆ ಹೈದರಾಬಾದಿನಿಂದ ಗಂಗಾವತಿಗೆ ಮರಳಿ, ಚೀಲವನ್ನು ಮನೆಯ ಕಟ್ಟೆಯ ಮೇಲೆ ಇಳಿಸುವುದರೊಳಗೆ ಎದುರುಮನೆಯ ದರ್ಜಿ ಖಾದರಸಾಬರು ಕೊರಳಲ್ಲಿ ಟೇಪು ಜೋಲಾಡಿಸುತ್ತ ಹೊರಬಂದು ಆ ಸನಾತನ ಪ್ರಶ್ನೆಯನ್ನು ಕೇಳಿಯೇ ಬಿಟ್ಟರು: “ಏನೇನ್ ನೋಡಿದ್ರಿ ಸಾಹೇಬ್ರ?” ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ, ಆಕಳಿಕೆ ಹೊರಟಿತು. ಉತ್ತರವನ್ನು ಆಮೇಲೆ ಬೇರೆಯವರು ಕೊಟ್ಟರು. ಅಲ್ಲಿಗೆ ಮುಟ್ಟಬೇಕಾದರೆ, ಓದುಗ ಮಿತ್ರರೆ, ನೀವು ನನ್ನೊಡನೆ ಸ್ವಲ್ಪ ದೂರ ನಡೆಯಬೇಕಾಗುತ್ತದೆ. ನಡುವೆ ಎಲ್ಲಾದರೂ ಕಟ್ಟೆ ಕಂಡರೆ ಸಂಕೋಚಪಡದೆ ಕುಳಿತುಕೊಳ್ಳಿ.

ನಾನು ಕಾಲುವೆ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಯಾವ ತೂಬಿಗೆ ಎಷ್ಟು ಹರಿಯಬೇಕೆಂದು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅಂದರೆ, ಮೇಲಿನ ಹೊಲದವನು ಕೆಳಗಿನ ಹೊಲದವನ ನೀರು ಕದ್ದಾಗ ಇಬ್ಬರಿಂದಲೂ ಬೈಸಿಕೊಳ್ಳುವುದು. ನಿವೃತ್ತಿಯ ನಂತರ ನೀರಿನ ಮಾತೇ ಇಲ್ಲದ ಊರೊಂದನ್ನು ಕಣ್ತುಂಬ ನೋಡಬೇಕೆಂಬ ಆಸೆ ಹುಟ್ಟಿತು. ಹೆಂಡತಿ ಸುಶೀಲಾ ಹೈದರಾಬಾದ್ ಎಂದಳು. ನಮ್ಮ ಭಾಗದ ಹಿರಿಯರಿಗೆ ಜಗತ್ತಿನಲ್ಲಿ ಪಟ್ಟಣವೆಂದರೆ ಅದೊಂದೇ ಆಗಿತ್ತು. ಕಾಗದ, ಕಾನೂನು, ಅತ್ತರು, ಅಧಿಕಾರ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದ ಕಾಲದವರು ಅವರು. ಚಿಕ್ಕಂದಿನಲ್ಲಿ ನಾನು ತಂಗಳು ರೊಟ್ಟಿ ಒಲ್ಲೆನೆಂದರೆ ಅಜ್ಜ “ಹೈದರಾಬಾದಿನ ನವಾಬ ಬಂದಾನ, ಬಿರಿಯಾನಿ ಬಡಸ್ರಿ” ಎನ್ನುತ್ತಿದ್ದ. ಹೀಗಾಗಿ ಆ ಊರನ್ನು ನೋಡುವ ಮೊದಲೇ ಅದರ ಹೆಸರಿನಲ್ಲಿ ನಾನು ಸಾಕಷ್ಟು ಬೈಗುಳ ತಿಂದಿದ್ದೆ.

ಸುದ್ದಿ ಪಕ್ಕದ ಹಳ್ಳಿಯಾದ ಮರಳಿಗೆ ಮುಟ್ಟಿತು. ಮರಳಿಯಲ್ಲಿ ನನ್ನ ತಾಯಿಯ ತಂಗಿ, ನೀಲವ್ವ ಚಿಗವ್ವ ಇದ್ದಾಳೆ. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಮ್ಮೆಗಳು, ಭತ್ತದ ಗದ್ದೆಗಳು ಇವುಗಳಿಂದ ಗಿಜಿಗುಡುವ ಮನೆಯ ಯಜಮಾನಿ. ನನ್ನ ಮಾತಿನಲ್ಲಿ ರುಚಿ ಎಂಬುದೇನಾದರೂ ಇದ್ದರೆ ಅದು ಅವಳ ಒಲೆಯ ಮುಂದೆ ಕುಳಿತು ಕಲಿತದ್ದು, ಸಪ್ಪೆಯಾಗಿರುವುದೆಲ್ಲ ಇಲಾಖೆಯಲ್ಲಿ ಕಲಿತದ್ದು. ಹುಣ್ಣಿಮೆಗೊಮ್ಮೆ ಹುಲಿಗಿಗೆ ಹೋಗಿ, ಹೊಳೆಯಲ್ಲಿ ಮುಳುಗಿ, ಹುಲಿಗೆಮ್ಮನಿಗೆ ಕೈಮುಗಿದು ಬಂದರೆ ಅವಳ ಪಾಲಿಗೆ ಭೂಪ್ರದಕ್ಷಿಣೆ ಆದಂತೆ. ಅಂಥವಳು ಫೋನು ಮಾಡಿ, “ತಮ್ಮಾ, ನನಗೂ ಹೈದರಾಬಾದ ನೋಡಬೇಕಾಗೈತಿ” ಎಂದಳು.

ನಾನು ಹಿಗ್ಗಿದೆ. ಸುಶೀಲಾ ನನ್ನ ಮುಖವನ್ನೇ ನೋಡಿ, “ಚಿಗವ್ವ ಚಾರ್ಮಿನಾರ ನೋಡಾಕ ಹೊಂಟಾಳ ಅಂತ ತಿಳದೀರೇನು? ಶಾಂತವ್ವನ್ನ ನೋಡಾಕ ಹೊಂಟಾಳ” ಎಂದಳು.

ಶಾಂತವ್ವ ಚಿಗವ್ವನ ಬೆನ್ನಿಗೆ ಬಿದ್ದ ತಂಗಿ. ಮನೆ ಕಟ್ಟುವ ಗೌಂಡಿ ಕೆಲಸದ ಗಂಡನ ಹಿಂದೆ ಎಳೆಯ ವಯಸ್ಸಿನಲ್ಲಿ ಹೈದರಾಬಾದಿಗೆ ಹೋದವಳು ಅಲ್ಲಿಯೇ ನೆಲೆನಿಂತಳು. ಅಕ್ಕತಂಗಿಯರು ಒಬ್ಬರ ಮನೆಗೆ ಒಬ್ಬರು ಕಾಲಿಡದೆ ಒಂದು ಕಾಲವೇ ಆಗಿಹೋಗಿದೆ. ಕಾರಣ ಒಂದು ತಂಬಿಗೆ ನೀರು. ಚಿಗವ್ವನ ಹಿರಿಮಗಳ ಮದುವೆಗೆ ಮರಳಿಗೆ ಬಂದ ಶಾಂತವ್ವ, ಬೀಗರೆಲ್ಲ ಪಂಕ್ತಿಯಲ್ಲಿ ಕೂತಿರುವಾಗ, ಹೊಸದಾಗಿ ಪಟ್ಟಣ ಕಂಡವರ ಹುಮ್ಮಸ್ಸಿನಲ್ಲಿ, “ಅಯ್ಯ ಯಕ್ಕಾ, ಈ ಕಾಲುವಿ ಕೆಂಪು ನೀರ ಹೆಂಗ ಕುಡೀತೀರಿ? ನಮ್ಮ ನಳದ ನೀರ ನೋಡಬೇಕ ನೀ, ಗಾಜ ಇದ್ದಂಗ ಇರತೈತಿ” ಎಂದುಬಿಟ್ಟಳು. ಬೀಗರು ತಂಬಿಗೆಯೊಳಗೆ ಇಣುಕಿ ನೋಡಿದರು. ಚಿಗವ್ವನ ಮುಖ ನೀರಿಗಿಂತ ಕೆಂಪಾಯಿತು. “ಹಂಗಾರ ನಿನ್ನ ಗಾಜ ನೀನ ಕುಡಿ. ಹುಲಿಗೆಮ್ಮನಾಣಿಗೂ ನಿನ್ನ ಮನಿ ನೀರ ನಾ ಮುಟ್ಟಂಗಿಲ್ಲ” ಎಂದು ಆಣೆ ಹಾಕಿದಳು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಮನೆಗೆ ಬಂದವರಿಗೆ ಮೊದಲು ಕೊಡುವುದು ನೀರು, ಆಮೇಲೆ ಕುಶಲ, ಆಮೇಲೆ ಚಹಾ. ನೀರು ಮುಟ್ಟದೆ ಒಂದು ಮನೆಗೆ ಹೋಗಿ ಬರುವುದು ಹೋಗದೇ ಇರುವುದಕ್ಕಿಂತ ದೊಡ್ಡ ಅವಮಾನ. ಆದ್ದರಿಂದ ನೀರು ಬಿಟ್ಟರೆಂದರೆ ಮನೆಯನ್ನೇ ಬಿಟ್ಟ ಹಾಗೆ. ಹುಲಿಗೆಮ್ಮನ ಹೆಸರಿನ ಆಣೆಯನ್ನು ತಪ್ಪಾಯಿತೆಂದು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿಯೂ ಇಲ್ಲ. ನನ್ನ ತಾಯಿ ತೀರಿಕೊಂಡಾಗ ಇಬ್ಬರೂ ಬಂದಿದ್ದರು. ಒಬ್ಬಳು ಮೂಡಣ ಗೋಡೆಗೆ, ಒಬ್ಬಳು ಪಡುವಣ ಗೋಡೆಗೆ ಆತು ಕುಳಿತು, ನಡುವೆ ಮಲಗಿದ್ದ ಅಕ್ಕನಿಗಾಗಿ ಬೇರೆ ಬೇರೆ ಅತ್ತರು. ಈಗ ಶಾಂತವ್ವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಅವಳು ಇತ್ತ ಬರುವಂತಿಲ್ಲ. ಚಿಗವ್ವನ ಮೊಣಕಾಲುಗಳೂ ಇನ್ನೊಂದು ಪ್ರಯಾಣಕ್ಕೆ ಒಪ್ಪುವ ಸ್ಥಿತಿಯಲ್ಲಿಲ್ಲ. ಈ ಸಲ ಕೂಡದಿದ್ದರೆ ಇನ್ನು ಕೂಡುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಯಾರೂ ಆಡಲಿಲ್ಲ. ಚಿಗವ್ವ ಹೈದರಾಬಾದ ನೋಡಲು ಹೊರಟಳು, ಅಷ್ಟೆ.

ಬೆಳಗಿನ ಬಸ್ಸು ಸಿಂಧನೂರು, ರಾಯಚೂರು ದಾಟಿ ದೊಡ್ಡ ಸೇತುವೆಯ ಮೇಲೆ ಏರಿದಾಗ ಹೆಂಗಸರೆಲ್ಲ ಕೈಮುಗಿದರು. ಚಿಗವ್ವ ಕಿಡಕಿಯಿಂದ ನಾಣ್ಯವೊಂದನ್ನು ತೂರಿ, “ಇದು ನಮ್ಮ ಹೊಳಿ ಏನೋ ತಮ್ಮಾ?” ಎಂದಳು.

“ಅಲ್ಲ ಚಿಗವ್ವ, ಇದು ಕೃಷ್ಣಾ. ನಮ್ಮ ಹೊಳಿ ಇನ್ನೂ ಮುಂದ ಹೋಗಿ ಇದಕ್ಕ ಕೂಡತೈತಿ.”

“ಕೂಡಿ ಎಲ್ಲಿಗಿ ಹೋಗತೈತಿ?”

ನಿವೃತ್ತ ನೌಕರನಿಗೆ ತನ್ನ ವಿಷಯದಲ್ಲಿ ಪ್ರಶ್ನೆ ಕೇಳುವವರು ಸಿಗುವುದು ಎಷ್ಟು ದುರ್ಲಭವೆಂಬುದನ್ನು ಬಲ್ಲವರೇ ಬಲ್ಲರು. ನದಿಗಳು ಕೂಡುವ ಸಂಗಮ, ಆಮೇಲಿನ ಅಣೆಕಟ್ಟು, ಅಲ್ಲಿಂದ ಹೈದರಾಬಾದಿಗೆ ನೀರೆತ್ತುವ ಪೈಪುಗಳು ಎಲ್ಲವನ್ನೂ ನಾನು ವಿಸ್ತಾರವಾಗಿ ವರ್ಣಿಸಿದೆ. “ಅಂದ್ರ, ನಮ್ಮ ನೀರ ಹೈದರಾಬಾದ ಮಂದಿ ಕುಡೀತಾರ?” ಎಂದಳು. “ಭಾಳ ಮಂದಿ ಅದನ್ನ ಕುಡೀತಾರ” ಎಂದೆ. ಅವಳು ಕಣ್ಣು ಮುಚ್ಚಿದಳು. ನನ್ನ ಉಪನ್ಯಾಸಗಳು ಸಾಮಾನ್ಯವಾಗಿ ಹಾಗೆಯೇ ಮುಕ್ತಾಯವಾಗುವುದರಿಂದ ನಿದ್ದೆ ಬಂತೆಂದುಕೊಂಡೆ.

ಲಾಡ್ಜಿನಲ್ಲಿ ಕೋಣೆಗೆ ಹೋಗುವ ಮೊದಲೇ ಅವಳು ಮ್ಯಾನೇಜರನನ್ನು ಕೇಳಿದ್ದು ಹಾಸಿಗೆಯನ್ನಲ್ಲ, ಫ್ಯಾನನ್ನಲ್ಲ. “ಯಪ್ಪಾ, ನಿಮ್ಮ ನಳಕ್ಕ ಯಾ ಹೊಳಿ ನೀರ ಬರತೈತಿ?” ನಾನು ನನ್ನ ಹರಕು ಉರ್ದುವಿನಲ್ಲಿ ತರ್ಜುಮೆ ಮಾಡಿದೆ. ಆತ ಹೆಮ್ಮೆಯಿಂದ, “ಮಂಜೀರಾ ಕಾ ಪಾನಿ ಅಮ್ಮಾ, ಏಕದಂ ಮೀಠಾ” ಎಂದ. ಚಿಗವ್ವನ ಮುಖ ಬಾಡಿತು. ಬುತ್ತಿ ಬಿಚ್ಚಿದರೆ ಅರ್ಧ ರೊಟ್ಟಿಗೇ ಸಾಕೆಂದಳು. ಬಸ್ಸಿನ ಆಯಾಸವೆಂದೆ ನಾನು. “ಆಯಾಸ ಅಲ್ಲ, ಆಣಿ” ಎಂದು ಸುಶೀಲಾ ಪಿಸುಗುಟ್ಟಿದಳು. “ನಮ್ಮ ಹೊಳಿ ನೀರ ಶಾಂತವ್ವನ ಮನಿಗೆ ಹೋಗತಿದ್ರ ಅದು ಶಾಂತವ್ವನ ಮನಿ ನೀರ ಹೆಂಗ ಆದೀತು? ಹಾದಿ ಹುಡಕಾಕತ್ಯಾಳ ಆಕಿ. ಆ ಪುಣ್ಯಾತ್ಮ ಇನ್ನೊಂದು ಹೊಳಿ ತಂದಿಟ್ಟ.” ಒಂದು ನಗರಕ್ಕೆ ಹಲವು ನದಿಗಳು ನೀರುಣಿಸುತ್ತವೆಂಬ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಉಪನ್ಯಾಸದ ಭರದಲ್ಲಿ ಬಿಟ್ಟುಹೋಗಿತ್ತು. ಶಾಂತವ್ವನ ಓಣಿಗೆ ಬರುವುದು ಯಾವ ನದಿ? ಫೋನು ಮಾಡಿ ಕೇಳಿಬಿಡೋಣವೆಂದೆ. “ಬ್ಯಾಡ್ರಿ. ಅಲ್ಲ ಅಂತ ಅಂದ್ರ ಆಕಿ ನಾಳೆ ಬಸ್ ಹತ್ತತಾಳ. ಗೊತ್ತಿಲ್ಲಂದ್ರ ಇನ್ನೆರಡು ದಿನ ಇರತಾಳ” ಎಂದಳು ಸುಶೀಲಾ.

ಹೀಗೆ ಗೊತ್ತಿಲ್ಲದಿರುವುದರ ಬಲದ ಮೇಲೆ ನಮ್ಮ ನಗರದರ್ಶನ ಸಾಗಿತು. ಚಾರ್ಮಿನಾರಿನ ಬುಡದಲ್ಲಿ ಬಳೆ, ಮುತ್ತು, ಅತ್ತರು, ಆಟೋಗಳ ಮಹಾಸಾಗರದ ನಡುವೆ ನಿಂತು, ಮೆಟ್ಟಿಲು ಹತ್ತೋಣವೇ ಎಂದೆ. ಚಿಗವ್ವ ತಲೆಯೆತ್ತಿ, “ಮ್ಯಾಲ ಹ್ವಾದ್ರ ಏನ್ ಕಾಣತೈತಿ?” ಎಂದಳು.

“ಊರೆಲ್ಲ ಕಾಣತೈತಿ.”

“ಊರಾಗ ನಿಂತೀವಲ್ಲೋ. ಇನ್ನೇನ್ ಕಾಣಬೇಕ ನಿನಗ?”

ನನ್ನ ಕಾಲುಗಳು ಒಳಗೊಳಗೇ ಅವಳಿಗೆ ಜಯಕಾರ ಹಾಕಿದವು. ಮ್ಯೂಸಿಯಮ್ಮಿನಲ್ಲಿ ಅವಳಿಗೆ ಮೆಚ್ಚುಗೆಯಾದದ್ದು ಒಂದು ದೊಡ್ಡ ಗಡಿಯಾರ. ಅದರೊಳಗಿಂದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆಂಬುದು ಲೋಕದ ಮೆಚ್ಚುಗೆಗೆ ಕಾರಣ. ಅದನ್ನು ಕಾಯುವವರಿಗೆ ಕೂರಲು ಜಾಗವಿದೆಯೆಂಬುದು ಅವಳ ಮೆಚ್ಚುಗೆಗೆ ಕಾರಣ. ಉಳಿದ ಕಡೆಗಳಲ್ಲೆಲ್ಲ ಚಿತ್ರಗಳು ಗೋಡೆಗೆ ಒರಗಿದ್ದವು, ವಿಗ್ರಹಗಳು ಪೀಠದ ಮೇಲೆ ವಿರಾಜಮಾನವಾಗಿದ್ದವು, ಕುರ್ಚಿಗಳ ಸುತ್ತ ಹಗ್ಗ ಕಟ್ಟಿತ್ತು. ರಾಜರು ಬಿಟ್ಟುಹೋದ ಆಸನಗಳನ್ನು ಪ್ರಜೆಗಳು ನಿಂತು ನೋಡಬೇಕೆಂಬ ನಿಯಮವನ್ನು ಯಾವ ಪ್ರಜಾಪ್ರಭುತ್ವ ಮಾಡಿತೋ ತಿಳಿಯದು.

ಗೋಲ್ಕೊಂಡದ ಕೋಟೆಯಲ್ಲಿ ಮಾತ್ರ ಅವಳು ಎಚ್ಚೆತ್ತಳು. ಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತದೆಂದು ಜನ ತಟ್ಟುತ್ತಲೇ ಇದ್ದರು. ಅವಳಿಗೆ ಅದು ಬೇಡವಾಯಿತು. ಮಣ್ಣಿನ ಕೊಳವೆಗಳಲ್ಲಿ ಕೆಳಗಿನ ನೀರನ್ನು ಹಂತಹಂತವಾಗಿ ಗುಡ್ಡದ ಮೇಲಕ್ಕೆ ಏರಿಸುತ್ತಿದ್ದರೆಂದು ನಾನು ತೋರಿಸಿದಾಗ, ಗೋಡೆಯೊಳಗಿನ ಆ ಕೊಳವೆಯ ಬಾಯಿಯನ್ನು ಬೆರಳಿನಿಂದ ಸವರಿ, “ಹೋಗಬೇಕಂದ್ರ ನೀರ ಎಲ್ಲಿಗ್ಯಾದ್ರೂ ಹೋಗತೈತಿ ನೋಡ” ಎಂದಳು. ಅವಳು ಮೇಲೆ ಹತ್ತಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕುಳಿತು, ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು, ಬಹಳ ಹೊತ್ತು ಯಾವುದನ್ನೂ ನೋಡಲಿಲ್ಲ. ದಣಿವು ಕಾಲಿನದೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಆ ದಿನವೇ ಸುಶೀಲಾ ಶಾಂತವ್ವನಿಗೆ ಫೋನು ಮಾಡಿದಳು. ನಾವು ಬಂದಿದ್ದೇವೆಂದಾಗಲಿ ನೀವು ಬನ್ನಿ ಎಂದಾಗಲಿ ಹೇಳಲಿಲ್ಲ. “ಚಿಗವ್ವ ಸಂಜಿಗೆ ಕೆರಿ ದಂಡಿ ನೋಡಾಕ ಬರಾಕಿ ಅದಾಳ್ರಿ, ಸುಮ್ನ ಹೇಳಿದೆ” ಎಂದಳು. ಆ ಕಡೆಯಿಂದ, “ಹೌದೇನು? ನಾನೂ ಗಾಳಿ ತಗೊಳ್ಳಾಕ ಅಲ್ಲೇ ಹೋಗಬೇಕಂತ ಮಾಡಿದ್ನಿ” ಎಂಬ ಉತ್ತರ ಬಂತು.

ದೊಡ್ಡ ಊರುಗಳಲ್ಲಿ ನೋಡುವ ಸ್ಥಳಗಳನ್ನು ಯಾಕೆ ಮಾಡಿರುತ್ತಾರೆಂಬುದು ನನಗೆ ಆ ಸಂಜೆ ಕೆರೆಯ ದಂಡೆಯ ಮೇಲೆ ಹೊಳೆಯಿತು. ಅವು ಯಾರ ಮನೆಯೂ ಅಲ್ಲ. ಅಲ್ಲಿ ಹೊಸ್ತಿಲಿಲ್ಲ, ತಂಬಿಗೆಯಿಲ್ಲ, ಕರೆದವರಿಲ್ಲ, ಕರೆಸಿಕೊಂಡವರೂ ಇಲ್ಲ. ಮನೆಯೊಳಗೆ ಎದುರಾಗಲಾರದವರು ಅಕಸ್ಮಾತ್ತಾಗಿ ಎಂಬಂತೆ ಎದುರಾಗಲಿಕ್ಕೆ ಇಷ್ಟೊಂದು ಕಲ್ಲು, ಸುಣ್ಣ, ಹುಲ್ಲುಹಾಸು ಖರ್ಚು ಮಾಡಿದ್ದಾರೆಂದರೆ ಅದು ದುಂದುವೆಚ್ಚವಲ್ಲ.

ಕೆರೆಯ ನಡುವೆ ಕಲ್ಲಿನ ಬುದ್ಧ ನಿಂತಿದ್ದ. ಚಿಗವ್ವ ಬೆಂಚಿನ ಮೇಲೆ ಕುಳಿತು ಅವನನ್ನು ನೋಡಿ, “ಪಾಪ, ಅವಗೂ ಕುಂದ್ರಾಕ ಜಾಗಾ ಸಿಕ್ಕಿಲ್ಲ” ಎಂದಳು. ಅಷ್ಟರಲ್ಲಿ ಆಟೋ ಒಂದು ನಿಂತು, ಶಾಂತವ್ವ ಮಗನ ತೋಳು ಹಿಡಿದು ಇಳಿದಳು. ಕೋಲೂರುತ್ತ ಬಂದು, ಅಕ್ಕನನ್ನು ನೋಡದೆ ಬುದ್ಧನನ್ನು ನೋಡುತ್ತ, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಪರಿಸ್ಥಿತಿಯ ಗಾಂಭೀರ್ಯವನ್ನು ಅರಿಯದ ನನ್ನ ಕಾಲುಗಳು ಆ ಜಾಗವನ್ನು ಆಸೆಯಿಂದ ನೋಡಿದವು. ಸುಶೀಲಾ ನನ್ನ ತೋಳು ಚಿವುಟಿದಳು.

ಮೊದಲು ಮಾತಾಡಿದವಳು ಶಾಂತವ್ವ. ಅದೂ ಬುದ್ಧನ ಕಡೆಗೇ ನೋಡುತ್ತ. “ಮಣಕಾಲ ಹೆಂಗದಾವು?”

“ಎರಡೂ ಹೋಗ್ಯಾವು. ನಿನ್ನವು?”

“ಒಂದು ಹೊಸಾದು ಹಾಕ್ಯಾರ, ಒಂದು ಹಳೇದ ಐತಿ. ಒಂದಕ್ಕೊಂದು ಮಾತಾಡಂಗಿಲ್ಲ.”

“ಅಕ್ಕ ತಂಗಿ ಇದ್ದಂಗ ಆತು ಬಿಡ” ಎಂದಳು ಚಿಗವ್ವ.

ಶಾಂತವ್ವ ಚೀಲದಿಂದ ಸ್ಟೀಲಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು, ಪಕ್ಕದಲ್ಲಿ ಕುಳಿತವರಿಗೆ ಚಾಚುವ ಹುಟ್ಟುಗುಣದಿಂದ ಕೈ ಚಾಚಿದಳು. ಚಾಚಿದ ಮೇಲೆ ನೆನಪಾಯಿತು. ಕೈ ಆ ಖಾಲಿ ಜಾಗದ ಮೇಲೆ ನಿಂತಿತು, ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು.

“ಯಾ ಹೊಳಿದದು?” ಎಂದಳು ಚಿಗವ್ವ.

“ಏನ?”

“ನೀರ. ನಿನ್ನ ಮನಿಗಿ ಯಾ ಹೊಳಿ ನೀರ ಬರತೈತಿ?”

ಲಾಡ್ಜಿನ ಮ್ಯಾನೇಜರನ ‘ಏಕದಂ ಮೀಠಾ’ ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಶಾಂತವ್ವ, ಇದೆಂಥ ಪ್ರಶ್ನೆ ಎಂಬಂತೆ, “ಕೃಷ್ಣಾ. ಪೈಪ್ ಒಡದಾಗೊಮ್ಮೆ ಇವತ್ತ ಕೃಷ್ಣಾ ನೀರ ಬರಂಗಿಲ್ಲ ಅಂತ ಓಣ್ಯಾಗ ಒದರತಾರ. ಯಾಕ?” ಎಂದಳು.

ಚಿಗವ್ವ ನನ್ನ ಕಡೆಗೆ ತಿರುಗಿದಳು. “ತಮ್ಮಾ, ನೀ ಸರಕಾರದಾಗ ನೀರ ಬಿಟ್ಟಾಂವ. ಹುಲಿಗೆಮ್ಮನ ಮುಂದ ನಿಂತ ಹೇಳಿದಂಗ ಹೇಳು. ನಮ್ಮ ಹೊಳಿ ಇದರಾಗ ಐತೋ, ಇಲ್ಲೋ?”

“ಐತಿ ಚಿಗವ್ವ” ಎಂದೆ.

ನೌಕರಿಯುದ್ದಕ್ಕೂ ನಾನು ಇಷ್ಟು ಚಿಕ್ಕ ಉತ್ತರವನ್ನು ಯಾರಿಗೂ ಕೊಟ್ಟವನಲ್ಲ. ಎಷ್ಟು ಪಾಲು ಐತಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಇಲಾಖೆಯ ಹಳೆಯ ಚಟದಂತೆ ಪರಿಶೀಲಿಸಿ ತಿಳಿಸಲಾಗುವುದು ಎಂದುಬಿಡುತ್ತಿದ್ದೆನೇನೋ. ಚಿಗವ್ವ ಬಾಟಲಿ ಇಸಿದುಕೊಂಡಳು. ಒಂದು ಗುಟುಕನ್ನು ಬಾಯಲ್ಲಿ ಇಟ್ಟುಕೊಂಡು, ಸಾರಿನ ಉಪ್ಪು ನೋಡುವವಳಂತೆ ಕಣ್ಣು ಮುಚ್ಚಿ, ನಿಧಾನವಾಗಿ ನುಂಗಿದಳು.

“ನಮ್ಮ ಕಾಲುವಿದ ಐತಿ. ಔಷಧ ಒಂಚೂರ ಜಾಸ್ತಿ ಹಾಕ್ಯಾರ” ಎಂದಳು. ಆಮೇಲೆ ಮೊದಲ ಸಲ ತಂಗಿಯ ಮುಖ ನೋಡಿ, “ಬೀಗರ ಮುಂದ ಕೆಂಪು ನೀರು ಅಂತ ಆಡಿಕೊಂಡ್ಯಲ್ಲ, ಇಷ್ಟ ವರ್ಷ ಅದನ್ನ ಕುಡದ ಬದಕೀದಿ, ನಾಚಿಕಿ ಬರಲಿಲ್ಲೇನ ನಿನಗ?”

ಶಾಂತವ್ವನ ಬಾಯಿ ನಗುತ್ತಿತ್ತು, ಕಣ್ಣು ಬೇರೆ ಕೆಲಸ ಮಾಡುತ್ತಿತ್ತು. “ನನಗೇನ್ ಗೊತ್ತ ಯಕ್ಕಾ? ಸೋಸಿ ಕಳಿಸೀದಿ ನೀನು.”

“ಹೂಂ. ಅಷ್ಟ ದೂರ ಹೋಗೂದಿತ್ತು, ಸೋಸದ ಹೆಂಗ ಕಳಸಲಿ?”

“ಹಂಗಾರ ಮನಿಗಿ ನಡಿ.”

“ನಡಿ. ನನ್ನ ನೀರ ಇದ್ದಲ್ಲಿ ನಾ ಹೋಗಾಕ ನಿನ್ನ ಕರೇವು ಏನ್ ಬೇಕ?”

ನಡುವಿನ ಜಾಗ ಯಾವಾಗ ಮಾಯವಾಯಿತೋ ನನಗೆ ತಿಳಿಯಲಿಲ್ಲ. ನಾನಂತೂ ಕೊನೆಯವರೆಗೆ ನಿಂತೇ ಇದ್ದೆ, ಬುದ್ಧನಂತೆ. ಹೋಲಿಕೆ ಕಾಲುಗಳಿಗೆ ಮಾತ್ರ.

ಆ ಬಳಿಕ ಹೈದರಾಬಾದಿನಲ್ಲಿ ನೋಡಲೇಬೇಕಾದವುಗಳೆಂದು ಫೋನಿನಲ್ಲಿ ನಾನು ಗುರುತು ಹಾಕಿಕೊಂಡಿದ್ದ ಯಾವುದನ್ನೂ ನಾವು ನೋಡಲಿಲ್ಲ. ಶಾಂತವ್ವ ಬಾಗಿಲಲ್ಲಿ ಬೆಲ್ಲದ ಚೂರಿನೊಡನೆ ಕೊಟ್ಟ ನೀರನ್ನು ಚಿಗವ್ವ ನಿಂತೇ ಕುಡಿದಳು. ಇನ್ನೊಂದು ತಂಬಿಗೆ ಕೇಳಿ ಇಸಿದುಕೊಂಡು, ಕುಳಿತು ಕುಡಿದಳು. ಆಮೇಲೆ ಇಬ್ಬರೂ ಗೋಡೆಗೆ ಆತು ಕುಳಿತರು. ಈ ಸಲ ಒಂದೇ ಗೋಡೆಗೆ. ನಡುನಡುವೆ ನನ್ನ ತಾಯಿಯ ಹೆಸರು ಕೇಳಿಸುತ್ತಿತ್ತು, ಅದರ ಬೆನ್ನಿಗೆ ಒಮ್ಮೆ ನಗು, ಒಮ್ಮೆ ಮೂಗೆಳೆಯುವ ಸದ್ದು. ನಾನು ಆ ಮಹಾನಗರದ ಅಷ್ಟು ವೈಭವದ ನಡುವೆ ಒಂದು ಚಾಪೆ ಸಂಪಾದಿಸಿ ನಿದ್ದೆ ಹೋದೆ.

ಇನ್ನು ಕಟ್ಟೆಗೆ ಮರಳೋಣ. ನನ್ನ ಆಕಳಿಕೆಯಿಂದ ತೃಪ್ತರಾಗದ ಖಾದರಸಾಬರು, ಮರಳಿಯಿಂದ ಬರಬೇಕಾದ ಮಗನ ಗಾಡಿಗಾಗಿ ಕಾಯುತ್ತ ಕುಳಿತಿದ್ದ ಚಿಗವ್ವನ ಕಡೆಗೆ ತಿರುಗಿದರು. “ಅವ್ವಾರ, ನೀವರ ಹೇಳ್ರಿ. ಏನೇನ್ ನೋಡಿದ್ರಿ?”

ಸುಶೀಲಾ ತಂದುಕೊಟ್ಟ ನೀರಿನ ತಂಬಿಗೆಯನ್ನು ಚಿಗವ್ವ ಎರಡೂ ಕೈಯಲ್ಲಿ ಹಿಡಿದು ಒಳಗೆ ನೋಡುತ್ತಿದ್ದಳು. “ಏನಿಲ್ಲಪಾ. ನಮ್ಮ ಕಾಲುವಿ ನೀರ ಅಷ್ಟ ದೂರ ಹೋಗಿ ಹೆಂಗೈತ್ಯೋ ಅಂತ ನೋಡಿ ಬಂದೆ.”

“ಹೆಂಗೈತ್ರಿ?”

“ಛಲೋ ಐತಿ. ಒಂಚೂರ ದಣದೈತಿ.”

ಖಾದರಸಾಬರಿಗೆ ಏನು ತಿಳಿಯಿತೋ ಗೊತ್ತಿಲ್ಲ. ಅಳತೆ ತೆಗೆಯುವ ಕಣ್ಣು ಅವರದು. ಚಿಗವ್ವನ ಊದಿದ ಮೊಣಕಾಲುಗಳ ಮೇಲೆ ಅದು ಒಂದು ಗಳಿಗೆ ನಿಂತಿತು. “ಈ ಕಾಲ ತಗೊಂಡು ಅಷ್ಟ ದೊಡ್ಡ ಊರ ಅಡ್ಡಾಡಿದ್ರಿ ಅಂದ್ರ! ನಡುವ ಎಲ್ಲೆರ ಕುಂತ್ರೋ ಇಲ್ಲೋ ಅವ್ವಾರ?”

ನಾನು ಬೆಚ್ಚಿ ಅವರ ಮುಖ ನೋಡಿದೆ.

“ಕುಂತಿದ್ನೆಪಾ” ಎಂದಳು ಚಿಗವ್ವ. “ನನ್ನ ತಂಗಿ ಬಾಜೂಕ.”